ಟೇಪ್ ಈಚೆ ಬಂದಿದೆಯಾ?

ದೊಡ್ಡಬಳ್ಳಾಪುರದ ಅಪರೆಲ್ ಪಾರ್ಕಿನಲ್ಲೊಂದು ಗಾರ್ಮೆಂಟ್ಸ್, ಬಾಶೆಟ್ಟಿಹಳ್ಳಿಯಲ್ಲೊಂದು ಬಿಡಿಭಾಗದ ಕಾರ್ಖಾನೆ, ದಾಬಸ್‌ಪೇಟೆ ರಸ್ತೆಯಲ್ಲೊಂದು ಗೋಡೌನು, ದೇವನಹಳ್ಳಿಯಲ್ಲೊಂದು ಶಾಲೆ, ಹೊಸಕೋಟೆಯಲ್ಲೊಬ್ಬ ಆಡಿಟರ ಕಚೇರಿ. ನಾನು ಸರ್ವರ್ ನೋಡಿಕೊಳ್ಳುವ ಜಾಗಗಳು ಇಂಥವು. ಹತ್ತಿಪ್ಪತ್ತು ಕಂಪ್ಯೂಟರು, ಮೂಲೆಯಲ್ಲೊಂದು ಲಿನಕ್ಸ್ ಸರ್ವರ್. ಸಾಂಬಾ ಮೂಲಕ ಎಲ್ಲರೂ ಹಂಚಿಕೊಳ್ಳುವ ಫೋಲ್ಡರುಗಳಲ್ಲಿ ಟ್ಯಾಲಿ ಡೇಟಾ, ಸ್ಕ್ಯಾನ್ ಮಾಡಿದ ಬಿಲ್ಲು, ಡಿಸೈನ್ ಫೈಲು, ಸಂಬಳದ ಪಟ್ಟಿ. ಐಟಿ ಡಿಪಾರ್ಟ್‌ಮೆಂಟ್ ಅಂತ ಯಾರೂ ಇಲ್ಲ. ಅಕೌಂಟ್ಸ್ ಮೇಡಂ ಇದ್ದಾರೆ, ಆಫೀಸ್ ಹುಡುಗ ಇದ್ದಾನೆ, ಗೋಡೆಯ ಮೇಲೆ ನನ್ನ ಫೋನ್ ನಂಬರ್ ಇದೆ. ಅಂಥ ಕಡೆ ಟೇಪ್ ಬ್ಯಾಕಪ್ಪು ತನ್ನಷ್ಟಕ್ಕೆ ನಡೆಯುವಂತೆ ಮಾಡುವಾಗ ಕಂಡುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ. ದೊಡ್ಡ ಡೇಟಾ ಸೆಂಟರಿನವರಿಗೆ ಇದರಲ್ಲಿ ಹೆಚ್ಚೇನೂ ಸಿಗಲಾರದು. ಅಲ್ಲಿ ಟೇಪ್ ಬದಲಿಸಲು ರೋಬೋ ಇರುತ್ತದೆ. ನಮ್ಮಲ್ಲಿ ಬದಲಿಸುವುದು ಮನುಷ್ಯರ ಕೈ, ಈ ಕೆಲಸದ ಕಷ್ಟವೆಲ್ಲ ಇರುವುದು ಆ ಕೈಯ ಸುತ್ತಲೇ.

1. ಟೇಪ್ ಯಾಕೆ ಅಂದರೆ ಲೆಕ್ಕ ಹಾಕಿ ತೋರಿಸಿ

"ಈ ಕಾಲದಲ್ಲಿ ಟೇಪಾ? ಎಲ್ಲಾ ಕ್ಲೌಡ್ ಅಂತಾರಲ್ಲ ಸಾರ್?" ಮಾಲೀಕರ ಮೊದಲ ಪ್ರಶ್ನೆ ಇದೇ. ವಾದ ಮಾಡಬಾರದು, ಕಾಗದ ತೆಗೆದುಕೊಳ್ಳಬೇಕು. ಒಂದು ಟಿಬಿ ಡೇಟಾ ಇದೆ ಅನ್ನಿ. ಅಪ್‌ಲೋಡ್ 20 ಎಂಬಿಪಿಎಸ್ ಸಿಕ್ಕಿದರೂ, ಲೈನು ಒಂದು ಕ್ಷಣವೂ ಕಡಿಯದೆ ನಡೆದರೆ ನಾಲ್ಕೂವರೆ ದಿನ ಬೇಕು. ರಸ್ತೆ ಅಗೆತ ಸದಾ ನಡೆದಿರುವ ನಮ್ಮ ಕಡೆ ಫೈಬರ್ ಅಷ್ಟು ದಿನ ನೆಟ್ಟಗಿದ್ದರೆ ಪುಣ್ಯ. ಅದೇ ಡೇಟಾ ಎಲ್‌ಟಿಒ-5 ಟೇಪ್ ಡ್ರೈವಿನಲ್ಲಿ, ಸೆಕೆಂಡಿಗೆ 140 ಎಂಬಿ ಲೆಕ್ಕದಲ್ಲಿ, ಎರಡು ಗಂಟೆಯ ಕೆಲಸ. ದಿನದಿನದ ಬದಲಾವಣೆ ಮಾತ್ರ ಕ್ಲೌಡಿಗೆ ಕಳಿಸಿದರೆ ಸಾಲದೇ ಎಂದರೆ, ಕಳಿಸುವುದಕ್ಕೆ ಸಾಕು. ಸರ್ವರ್ ಪೂರ್ತಿ ಹೋದ ದಿನ ಎಲ್ಲವನ್ನೂ ವಾಪಸ್ ತರಿಸಿಕೊಳ್ಳುವಾಗ ಕಾಯಬೇಕಾದೀತು.

ಇನ್ನೊಂದು ಕಾರಣ ರ್‍ಯಾನ್ಸಮ್‌ವೇರ್. 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರುಗಳನ್ನು ಅದು ಹಿಡಿದಾಗ ವಾರಗಟ್ಟಲೆ ಚೀಟಿ ಕೈಯಲ್ಲಿ ಬರೆಯಬೇಕಾಯಿತು. ಅಂಥ ಆಸ್ಪತ್ರೆ ಚೇತರಿಸಿಕೊಂಡದ್ದು ಹೇಗೆಂದರೆ, ದಾಳಿಗೆ ಸಿಗದೆ ಉಳಿದಿದ್ದ ಒಂದು ಬ್ಯಾಕಪ್ ಸರ್ವರಿನಿಂದ. ಸರ್ವರಿಗೆ ಸದಾ ಚುಚ್ಚಿಕೊಂಡೇ ಇರುವ ಯುಎಸ್‌ಬಿ ಡಿಸ್ಕು ದಾಳಿಗೆ ಸಿಗುತ್ತದೆ. ಬೀರುವಿನಲ್ಲಿರುವ ಟೇಪು ಸಿಗುವುದಿಲ್ಲ. 2011ರ ಫೆಬ್ರುವರಿಯಲ್ಲಿ ತಂತ್ರಾಂಶದ ದೋಷದಿಂದ ಕೆಲವರ ಜಿಮೇಲ್ ಖಾಲಿಯಾದಾಗ ಗೂಗಲ್ ಸಹ ಮೇಲುಗಳನ್ನು ವಾಪಸ್ ತಂದದ್ದು ಟೇಪಿನಿಂದಲೇ. ಕ್ಲೌಡ್ ಕ್ಲೌಡ್ ಅನ್ನುವ ಮಾಲೀಕರಿಗೆ ಇದನ್ನು ಹೇಳಿದರೆ ಸುಮ್ಮನಾಗುತ್ತಾರೆ.

ಪ್ರೈವೇಟ್ ಲಿಮಿಟೆಡ್ ಆಗಿದ್ದರೆ ಕಾನೂನಿನ ಮಾತೂ ಇದೆ. 2013ರ ಕಂಪನಿ ಕಾಯ್ದೆಯ 128ನೇ ಕಲಂ ಲೆಕ್ಕಪುಸ್ತಕಗಳನ್ನು 8 ಹಣಕಾಸು ವರ್ಷ ಇಡಬೇಕು ಅನ್ನುತ್ತದೆ. ಕಂಪ್ಯೂಟರಿನಲ್ಲಿರುವ ಲೆಕ್ಕಕ್ಕೆ ಆಗಾಗ ಬ್ಯಾಕಪ್ ಸಾಕು ಎಂದಿದ್ದ ನಿಯಮ, 2022ರ ಆಗಸ್ಟ್ ತಿದ್ದುಪಡಿಯಿಂದ ಪ್ರತಿದಿನ ಎಂದಾಗಿದೆ, ಅದೂ ಭಾರತದಲ್ಲೇ ಇರುವ ಸರ್ವರಿನಲ್ಲಿ. ನಿಯಮದ ಮಾತು ಸರ್ವರ್ ಎಂದಿರುವುದರಿಂದ ಟೇಪಿನ ಜೊತೆಗೆ ಡಿಸ್ಕಿನಲ್ಲೂ ಒಂದು ಪ್ರತಿ ಇಡುವುದು ಒಳ್ಳೆಯದು. ಮುಂದೆ ಹೇಳುವ ವ್ಯವಸ್ಥೆಯಲ್ಲಿ ಅದು ಹೇಗೂ ಇರುತ್ತದೆ.

2. ಡ್ರೈವಿಗಿಂತ ಮೊದಲು ಕಾರ್ಡ್ ನೋಡಿ

ಹೊಸ ಎಲ್‌ಟಿಒ ಡ್ರೈವಿನ ಬೆಲೆ ಕೇಳಿದರೆ ಸಣ್ಣ ಕಚೇರಿಯವರು ನಗುತ್ತಾರೆ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಡೇಟಾ ಸೆಂಟರುಗಳಿಂದ ಹೊರಬಿದ್ದ ಎಲ್‌ಟಿಒ-5, ಎಲ್‌ಟಿಒ-6 ಡ್ರೈವುಗಳು ಸಿಗುತ್ತವೆ. 5ರ ಟೇಪಿಗೆ 1.5 ಟಿಬಿ, 6ರ ಟೇಪಿಗೆ 2.5 ಟಿಬಿ ಹಿಡಿಯುತ್ತದೆ. ಡಬ್ಬಿಯ ಮೇಲೆ 3 ಟಿಬಿ, 6.25 ಟಿಬಿ ಎಂದು ದಪ್ಪಕ್ಷರದಲ್ಲಿ ಇರುವುದು ಕಂಪ್ರೆಷನ್ ಸೇರಿಸಿದ ಆಸೆಯ ಲೆಕ್ಕ. ಸ್ಕ್ಯಾನ್ ಮಾಡಿದ ಬಿಲ್ಲು, ಫೋಟೋ, ಪಿಡಿಎಫ್ ಮೊದಲೇ ಒತ್ತಿಕೊಂಡಿರುತ್ತವೆ, ಇನ್ನು ಒತ್ತಲು ಏನೂ ಉಳಿದಿರುವುದಿಲ್ಲ. ಸಣ್ಣ ಅಂಕಿಯನ್ನೇ ನಂಬಿ ಕೊಳ್ಳಿ.

ಡ್ರೈವ್ ಎಸ್‌ಎಎಸ್ ಆದರೆ ಅದಕ್ಕೆ ಸಾದಾ ಎಚ್‌ಬಿಎ ಕಾರ್ಡ್ ಬೇಕು. ಸರ್ವರಿನ ರೇಯ್ಡ್ ಕಾರ್ಡಿಗೇ ಸಿಕ್ಕಿಸಿದರೆ ಎಷ್ಟೋ ಸಲ ಲಿನಕ್ಸಿಗೆ ಡ್ರೈವ್ ಕಾಣುವುದೇ ಇಲ್ಲ. ಅಂಗಡಿಯಲ್ಲೇ ಒಂದು ಟೇಪನ್ನು ತುದಿಯವರೆಗೆ ಬರೆದು, ಓದಿ, ದೋಷಗಳ ಎಣಿಕೆ ನೋಡಿಕೊಂಡು ದುಡ್ಡು ಕೊಡಿ. ಲೈಟ್ ಹತ್ತಿದ್ದನ್ನೇ ತೋರಿಸಿ ಕೊಡುವ ಅಂಗಡಿಯಿಂದ ಮುಂದಕ್ಕೆ ಹೋಗಿ.

3. ರಾತ್ರಿ ಎರಡು ಗಂಟೆ ನಮ್ಮ ಕಚೇರಿಗಳಲ್ಲಿಲ್ಲ

ಕ್ರಾನ್ ಕಲಿಸುವ ಯಾವ ಪಾಠ ನೋಡಿದರೂ ಬ್ಯಾಕಪ್ ನಡೆಯುವುದು ನಡುರಾತ್ರಿ. ನಮ್ಮಲ್ಲಿ ಏಳು ಗಂಟೆಗೆ ವಾಚ್‌ಮನ್ ಮೇನ್ ಸ್ವಿಚ್ ಇಳಿಸಿ ಬೀಗ ಹಾಕುತ್ತಾನೆ. ಅವನ ತಪ್ಪೇನಿಲ್ಲ, ಹಾಗೆ ಮಾಡು ಅಂತ ಹೇಳಿದವರೇ ಮಾಲೀಕರು. ಆ ಸ್ವಿಚ್ ಇಳಿಸಬೇಡ ಎಂದು ಬೋರ್ಡ್ ಬರೆದು ಅಂಟಿಸಬಹುದು, ವಾಚ್‌ಮನ್ ಬದಲಾಗುವವರೆಗೆ ಅದು ನಡೆಯುತ್ತದೆ. ಇಳಿಸದಿದ್ದರೂ ಏಪ್ರಿಲ್ ಮೇ ತಿಂಗಳ ಗುಡುಗು ಮಳೆಗೆ ರಾತ್ರಿ ಕರೆಂಟು ಹೋದರೆ ಯುಪಿಎಸ್ ಅರ್ಧ ಗಂಟೆ ತಡೆದೀತು.

ಆದ್ದರಿಂದ ಕೆಲಸವನ್ನು ಎರಡು ತುಂಡು ಮಾಡುವುದು ನನ್ನ ಪದ್ಧತಿ. ಸಂಜೆ ಆರೂಕಾಲಿಗೆ, ಎಲ್ಲರೂ ಚೀಲ ಎತ್ತಿಕೊಳ್ಳುವ ಹೊತ್ತಿಗೆ, ಅಂದಿನ ಡೇಟಾದ ಪ್ರತಿ ಸರ್ವರಿನ ಇನ್ನೊಂದು ಡಿಸ್ಕಿಗೆ ಹೋಗುತ್ತದೆ. ಬದಲಾದದ್ದಷ್ಟೇ ಹೋಗುವುದರಿಂದ ಬೇಗ ಮುಗಿಯುತ್ತದೆ. ಟೇಪಿಗೆ ಬರೆಯುವುದು ಮರುದಿನ ಮಧ್ಯಾಹ್ನ ಒಂದೂವರೆಗೆ, ಊಟದ ಹೊತ್ತಿನಲ್ಲಿ. ಆ ಪ್ರತಿ ನಿನ್ನೆಯೇ ನಿಂತುಹೋದದ್ದು, ಯಾರೂ ಅದನ್ನು ಮುಟ್ಟುವುದಿಲ್ಲ, ಹಾಗಾಗಿ ಹಗಲಲ್ಲಿ ಬರೆದರೆ ಯಾರಿಗೂ ಅಡ್ಡಿಯಿಲ್ಲ. ಎರಡು ಗಂಟೆ ಬರೆಯುವುದು, ಎರಡು ಗಂಟೆ ಓದಿ ಸರಿನೋಡುವುದು, ಐದೂವರೆಗೆ ಮುಗಿದಿರುತ್ತದೆ. ಕಚೇರಿಯಲ್ಲಿ ಜನ ಇರುವಾಗಲೇ ಟೇಪು ಓಡುವುದರಿಂದ ಏನಾದರೂ ಕೆಟ್ಟರೆ ನೋಡುವವರಿರುತ್ತಾರೆ. ಬ್ಯಾಕಪ್ ಒಂದು ದಿನ ಹಿಂದೆ ಬೀಳುತ್ತದಲ್ಲ ಎಂದು ಒಬ್ಬ ಆಡಿಟರು ಆಕ್ಷೇಪ ಎತ್ತಿದ್ದರು. ಬೀಳುತ್ತದೆ ನಿಜ. ಆದರೆ ಆ ಒಂದು ದಿನ ಡಿಸ್ಕಿನ ಪ್ರತಿ ಇದ್ದೇ ಇರುತ್ತದೆ.

ಡ್ರೈವ್ ಹೊರಗಿನದಾದರೆ ಅದರ ಪ್ಲಗ್ಗೂ ಯುಪಿಎಸ್‌ಗೇ ಹೋಗಲಿ. ಸರ್ವರ್ ಯುಪಿಎಸ್‌ನಲ್ಲಿ, ಟೇಪ್ ಡ್ರೈವ್ ಗೋಡೆಯ ಸಾಕೆಟ್ಟಿನಲ್ಲಿ ಇರುವ ಕಚೇರಿಗಳು ಬೇಕಾದಷ್ಟಿವೆ.

4. ಟೇಪಿಗೆ ಹಸಿವಾಗಬಾರದು

ಡ್ರೈವ್ ಒಂದು ವೇಗದಲ್ಲಿ ಓಡುತ್ತದೆ. ಡೇಟಾ ಅಷ್ಟು ಬೇಗ ಬರದಿದ್ದರೆ ವೇಗವನ್ನು ಸ್ವಲ್ಪ ತಗ್ಗಿಸಿಕೊಳ್ಳುತ್ತದೆ, ಇನ್ನೂ ತಗ್ಗಿಸಲಾಗದಾಗ ನಿಲ್ಲುತ್ತದೆ. ನಿಂತ ಟೇಪು ಹಿಂದಕ್ಕೆ ಹೋಗಿ, ಮತ್ತೆ ಓಟ ಹಿಡಿದು, ಬಿಟ್ಟ ಜಾಗಕ್ಕೆ ಬಂದು ಬರೆಯಬೇಕು. ಸಾವಿರಾರು ಸಣ್ಣ ಫೈಲುಗಳನ್ನು ನೇರವಾಗಿ ಟೇಪಿಗೆ ಸುರಿದರೆ ಮಗ್ಗದ ಲಾಳಿಯ ಹಾಗೆ ಹಿಂದಕ್ಕೂ ಮುಂದಕ್ಕೂ ಆಡುತ್ತಲೇ ಇರುತ್ತದೆ. ಡ್ರೈವಿನ ಪಕ್ಕ ನಿಂತರೆ ಕೇಳಿಸುತ್ತದೆ: ಒಂದೇ ಸಮನೆ ಗುಂಯ್ ಎನ್ನುವ ಬದಲು ಗುಂಯ್, ಕಟಕ್, ಗುಂಯ್, ಕಟಕ್. ಎರಡು ಗಂಟೆಯ ಕೆಲಸ ಎಂಟು ಗಂಟೆ ಎಳೆಯುವುದಲ್ಲದೆ ಟೇಪೂ ಡ್ರೈವಿನ ತಲೆಯೂ ಸವೆಯುತ್ತವೆ. ಡಿಸ್ಕಿನಲ್ಲಿ ಮೊದಲು ಒಂದೇ ದೊಡ್ಡ ಫೈಲಾಗಿ ಕಟ್ಟಿಟ್ಟುಕೊಂಡರೆ ಇದು ತಾನಾಗಿ ನಿಲ್ಲುತ್ತದೆ. ಜೊತೆಗೆ ಎಂಬಫರ್ ಎಂಬ ಪುಟ್ಟ ತಂತ್ರಾಂಶ ಹಾಕಿ, ಮೆಮೊರಿ ಮುಕ್ಕಾಲು ಪಾಲು ತುಂಬಿದ ಮೇಲಷ್ಟೇ ಟೇಪಿಗೆ ಬಿಡು ಎಂದು ಹೇಳಿದರೆ ಇನ್ನೂ ನಿಶ್ಚಿಂತೆ.

5. ಎಸ್‌ಟಿ0, ಎನ್‌ಎಸ್‌ಟಿ0

ಲಿನಕ್ಸಿನಲ್ಲಿ ಒಂದೇ ಡ್ರೈವಿಗೆ ಎರಡು ಹೆಸರು. ಎಸ್‌ಟಿ0 ಎಂದು ಕರೆದರೆ ಕೆಲಸ ಮುಗಿದೊಡನೆ ಟೇಪು ಮೊದಲಿಗೆ ಸುತ್ತಿಕೊಳ್ಳುತ್ತದೆ. ಎನ್‌ಎಸ್‌ಟಿ0 ಎಂದರೆ ಇದ್ದಲ್ಲೇ ನಿಲ್ಲುತ್ತದೆ. ಟ್ಯಾಲಿ ಫೋಲ್ಡರನ್ನು ಎಸ್‌ಟಿ0ಗೆ ಬರೆದು, ನಂತರ ಸಂಬಳದ ಫೋಲ್ಡರನ್ನೂ ಎಸ್‌ಟಿ0ಗೆ ಬರೆದರೆ, ಟೇಪಿನಲ್ಲಿ ಉಳಿಯುವುದು ಸಂಬಳ ಮಾತ್ರ. ದೋಷದ ಸಂದೇಶ ಒಂದೂ ಬರುವುದಿಲ್ಲ. ಸ್ಕ್ರಿಪ್ಟಿನಲ್ಲಿ ಎಸ್‌ಟಿ0 ಎಂಬ ಹೆಸರೇ ಇರಬಾರದು. ಬೇರೆಯವರು ಬರೆದ ಸ್ಕ್ರಿಪ್ಟ್ ಕೈಗೆ ಬಂದರೆ ನಾನು ಮೊದಲು ಹುಡುಕುವುದು ಇದನ್ನೇ.

6. ತೆರೆದಿರುವ ಲೆಕ್ಕವನ್ನು ನಕಲು ಮಾಡಬೇಡಿ

ಟ್ಯಾಲಿ ಕಂಪನಿಯ ಡೇಟಾ ಅಂದರೆ ಒಂದು ಫೋಲ್ಡರಿನ ತುಂಬ ಒಂದಕ್ಕೊಂದು ಹೆಣೆದುಕೊಂಡ ಫೈಲುಗಳು. ಯಾರೋ ವೋಚರ್ ಹಾಕುತ್ತಿರುವಾಗ ನಕಲು ತೆಗೆದರೆ ಅರ್ಧ ಫೈಲು ಹಾಕುವ ಮುಂಚಿನದು, ಅರ್ಧ ಹಾಕಿದ ಮೇಲಿನದು. ನಕಲು ಬರುತ್ತದೆ, ತೆರೆಯುವಾಗ ಕೈಕೊಡುತ್ತದೆ. ಮನೆಗೆ ಹೊರಡುವಾಗ ಟ್ಯಾಲಿ ಮುಚ್ಚಿ ಹೋಗಿ ಎಂದು ಎಷ್ಟು ಹೇಳಿದರೂ ಒಂದು ಕಂಪ್ಯೂಟರಿನಲ್ಲಿ ತೆರೆದೇ ಇರುತ್ತದೆ. ಆರೂಕಾಲಿಗೆ ಸ್ಕ್ರಿಪ್ಟೇ ಸಾಂಬಾದ ಆ ಹಂಚಿಕೆಯನ್ನು ಮುಚ್ಚಿ, ಎಲ್‌ವಿಎಂ ಸ್ನ್ಯಾಪ್‌ಶಾಟ್ ತೆಗೆದು, ಕೂಡಲೇ ಹಂಚಿಕೆ ತೆರೆಯಲಿ. ನಕಲು ಸ್ನ್ಯಾಪ್‌ಶಾಟಿನಿಂದ ನಿಧಾನವಾಗಿ ನಡೆಯಲಿ. ಮುಗಿದ ಮೇಲೆ ಸ್ನ್ಯಾಪ್‌ಶಾಟನ್ನು ಅಳಿಸುವುದನ್ನು ಸ್ಕ್ರಿಪ್ಟಿಗೆ ಕಲಿಸಿರಬೇಕು, ಇಲ್ಲವಾದರೆ ಅದೇ ಜಾಗ ತುಂಬಿ ಕೂರುತ್ತದೆ. ಮಾರಿಯಾಡಿಬಿ, ಪೋಸ್ಟ್‌ಗ್ರೆಸ್ ಇದ್ದರೆ ಫೈಲು ನಕಲು ಮಾಡಬೇಡಿ, ಅವುಗಳದೇ ಡಂಪ್ ತೆಗೆಯಿರಿ.

7. "ಯಶಸ್ವಿ" ಎಂದ ಮಾತ್ರಕ್ಕೆ ನಂಬಬೇಡಿ

ಕೈಯಿಂದ ಓಡಿಸಿದಾಗ ಓಡುವ ಸ್ಕ್ರಿಪ್ಟ್ ಕ್ರಾನಿನಲ್ಲಿ ಓಡದಿರಲು ಸಾಮಾನ್ಯ ಕಾರಣ, ಕ್ರಾನಿಗೆ ನಿಮ್ಮ ಪಾಥ್ ಗೊತ್ತಿಲ್ಲ. ಟೇಪನ್ನು ನಡೆಸುವ ಎಂಟಿ ಎಲ್ಲಿದೆ, ಎಂಬಫರ್ ಎಲ್ಲಿದೆ ಎಂದು ಪೂರ್ತಿ ವಿಳಾಸ ಬರೆಯಿರಿ. ಇದು ಸಣ್ಣದು. ದೊಡ್ಡದು ಪೈಪಿನದು: ಫೈಲುಗಳನ್ನು ಕಟ್ಟುವ ಟಾರ್‌ನಿಂದ ಎಂಬಫರಿಗೆ ಪೈಪ್ ಹಾಕಿದಾಗ ಬ್ಯಾಶ್ ನೋಡುವುದು ಕೊನೆಯವನ ಫಲಿತಾಂಶ ಮಾತ್ರ. ಟಾರ್ ನಡುವೆಯೇ ಸತ್ತರೂ ಎಂಬಫರ್ ಬಂದಷ್ಟನ್ನು ಬರೆದು ಎಲ್ಲಾ ಸರಿ ಎನ್ನುತ್ತದೆ. ಸ್ಕ್ರಿಪ್ಟಿನ ಮೊದಲಲ್ಲೇ ಪೈಪ್‌ಫೇಲ್ ಹಾಕಿ. ಟಾರ್ 1 ಎಂದು ಮುಗಿದರೆ ಓದುವಾಗಲೇ ಯಾವುದೋ ಫೈಲು ಬದಲಾಗಿದೆ ಎಂದು ಅರ್ಥ, 2 ಎಂದರೆ ನಿಜವಾದ ಪೆಟ್ಟು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ದಿನಾ ಸುಳ್ಳು ಕೂಗು, ಆಮೇಲೆ ಯಾರೂ ತಿರುಗಿ ನೋಡುವುದಿಲ್ಲ.

ಇದೆಲ್ಲಕ್ಕಿಂತ ಮೋಸದ್ದು ಖಾಲಿ ಫೋಲ್ಡರು. ಡೇಟಾ ಡಿಸ್ಕು ಬೂಟ್ ಆಗುವಾಗ ಮೌಂಟ್ ಆಗಲಿಲ್ಲ ಎನ್ನಿ. ಟಾರ್ ಖಾಲಿ ಫೋಲ್ಡರನ್ನು ನಿಷ್ಠೆಯಿಂದ ಕಟ್ಟಿ ಟೇಪಿಗೆ ಹಾಕುತ್ತದೆ, ಅದರ ಮಟ್ಟಿಗೆ ತಪ್ಪೇ ಇಲ್ಲ. ನಿನ್ನೆ 812 ಜಿಬಿ ಇದ್ದದ್ದು ಇವತ್ತು 4 ಕೆಬಿ ಆದರೆ ಮನುಷ್ಯನಿಗೆ ತಿಳಿಯುತ್ತದೆ, ಸ್ಕ್ರಿಪ್ಟಿಗೆ ತಿಳಿಯುವಂತೆ ಮಾಡಬೇಕು. ನಿನ್ನೆಗಿಂತ ಹತ್ತನೇ ಒಂದು ಭಾಗ ಕಡಿಮೆಯಾದರೂ ಟೇಪಿಗೆ ಬರೆಯದೆ ನಿಂತುಬಿಡು ಎಂದು ನಾನು ಬರೆಯುತ್ತೇನೆ.

8. ಟೇಪಿಗೆ ವಾರದ ಹೆಸರಿಡಿ, ಹೆಸರನ್ನು ಟೇಪಿನ ಒಳಗೂ ಬರೆಯಿರಿ

ಪುಸ್ತಕದ ಪದ್ಧತಿಯಲ್ಲಿ ಟೇಪುಗಳಿಗೆ 001, 002 ಎಂದು ಸಂಖ್ಯೆ. ಮೇಡಂಗೆ ಇವತ್ತು ಹಾಕಬೇಕಾದದ್ದು 007 ಎಂಬುದು ಹೇಗೆ ನೆನಪಿರಬೇಕು? ಇವತ್ತು ಗುರುವಾರ ಎಂಬುದು ಎಲ್ಲರಿಗೂ ಗೊತ್ತು. ಸೋಮದಿಂದ ಶನಿವಾರದವರೆಗೆ, ಎರಡು ವಾರದ್ದು, ಒಟ್ಟು ಹನ್ನೆರಡು ಟೇಪು. ಒಂದು ವಾರದ್ದಕ್ಕೆ ಹಸಿರು ಡಬ್ಬಿ, ಇನ್ನೊಂದಕ್ಕೆ ಕೆಂಪು. ರಜೆ ಬಂದರೆ ಆ ದಿನದ ಟೇಪು ಸುಮ್ಮನೆ ಬೀರುವಿನಲ್ಲಿರುತ್ತದೆ, ಸಾಲು ಕದಲುವುದಿಲ್ಲ. ಇವಲ್ಲದೆ ತಿಂಗಳ ಕೊನೆಯದಕ್ಕೆ ಬೇರೆ, ಮಾರ್ಚ್ 31ಕ್ಕೆ ಬೇರೆ. ಹೆಸರು ಬರೆದ ಚೀಟಿ ಕಾರ್ಟ್ರಿಡ್ಜಿನ ಅಂಚಿನಲ್ಲಿ ತಗ್ಗು ಮಾಡಿಟ್ಟಿರುವ ಜಾಗದಲ್ಲಿ ಮಾತ್ರ ಇರಬೇಕು. ಮೇಲೆ ಕೆಳಗೆ ಅಂಟಿಸಿದರೆ ಡ್ರೈವಿನೊಳಗೆ ಕಿತ್ತು ಸಿಕ್ಕಿಕೊಳ್ಳುತ್ತದೆ.

ಹೊರಗಿನ ಚೀಟಿ ಮನುಷ್ಯರಿಗೆ. ಸ್ಕ್ರಿಪ್ಟಿಗಾಗಿ ಟೇಪಿನ ಮೊದಲ ಫೈಲಾಗಿ ಪುಟ್ಟ ಹೆಸರುಪಟ್ಟಿ ಬರೆದಿಟ್ಟು, ಪ್ರತಿದಿನ ಮೊದಲು ಅದನ್ನು ಓದಿಸಬೇಕು. ಗುರುವಾರ ಕೆಂಪು ಬೇಕಿರುವಾಗ ಬುಧವಾರ ಕೆಂಪು ಒಳಗಿದ್ದರೆ ಬರೆಯಬಾರದು. ಟೇಪು ಬದಲಿಸಲು ಮರೆತ ದಿನ ನಿನ್ನೆಯ ಬ್ಯಾಕಪ್ಪಿನ ಮೇಲೇ ಇವತ್ತಿನದು ಬೀಳದಂತೆ ಕಾಯುವುದು ಇದೊಂದೇ. ಅಮಾಂಡ ಎಂಬ ತಂತ್ರಾಂಶ ಇದನ್ನೆಲ್ಲ ತೊಂಬತ್ತರ ದಶಕದ ಮೊದಲಿನಿಂದಲೇ ಮಾಡಿಕೊಂಡು ಬಂದಿದೆ; ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದು. ತಪ್ಪು ಟೇಪಿಗೆ ಬರೆಯಲು ಒಪ್ಪುವುದಿಲ್ಲ, ಮುಂದೆ ಯಾವುದು ಬೇಕೆಂದು ಮೇಲ್ ಕಳಿಸುತ್ತದೆ. ಬ್ಯಾಕುಲಾ ಇನ್ನೂ ದೊಡ್ಡದು, ನಾಲ್ಕಾರು ಸರ್ವರ್ ಇರುವ ಕಡೆಗೆ ಸರಿ. ಒಂದೇ ಸರ್ವರಿಗೆ ನಾನು ಟಾರ್ ಮತ್ತು ನೂರು ಸಾಲಿನ ಸ್ಕ್ರಿಪ್ಟನ್ನೇ ಆರಿಸುತ್ತೇನೆ. ನಾಳೆ ನಾನಿಲ್ಲದಿದ್ದರೂ ಲಿನಕ್ಸ್ ಗೊತ್ತಿರುವ ಯಾವ ಹುಡುಗನಾದರೂ ಟೇಪನ್ನು ಟಾರ್‌ನಿಂದ ಬಿಚ್ಚಬಲ್ಲ, ಬೇರೆ ಕ್ಯಾಟಲಾಗ್ ಬೇಕಿಲ್ಲ.

9. ಟೇಪು ಈಚೆ ಬಂದರೆ ಮುಗಿಯಿತು

ನನ್ನ ಎಲ್ಲ ಕಚೇರಿಗಳಲ್ಲೂ ನಿಯಮ ಇಷ್ಟೇ. ಬರೆದದ್ದನ್ನು ಪೂರ್ತಿ ಓದಿ ಸರಿನೋಡಿದ ಮೇಲೆ, ಎಲ್ಲವೂ ತಾಳೆಯಾದರೆ ಮಾತ್ರ, ಸ್ಕ್ರಿಪ್ಟು ಎಂಟಿ ಆಫ್‌ಲೈನ್ ಎಂಬ ಆಜ್ಞೆ ಕೊಡುತ್ತದೆ. ಡ್ರೈವು ಟೇಪನ್ನು ಸುತ್ತಿಕೊಂಡು ಎರಡು ಬೆರಳಗಲ ಹೊರಗೆ ತಳ್ಳುತ್ತದೆ. ಯಾವುದೇ ತೊಂದರೆಯಾಗಿದ್ದರೆ ಟೇಪು ಒಳಗೇ ಇರುತ್ತದೆ. ಮೇಡಂ ಐದೂವರೆಗೆ ಎದ್ದು ಆ ಕಡೆ ಒಂದು ನೋಟ ಹಾಯಿಸುತ್ತಾರೆ. ಹೊರಗಿದ್ದರೆ ತೆಗೆದು ಡಬ್ಬಿಗೆ, ನಾಳೆಯದು ಡ್ರೈವಿಗೆ. ಒಳಗಿದ್ದರೆ ನನಗೆ ಫೋನು.

"ಸಾರ್, ಟೇಪು ಈಚೆ ಬಂದಿಲ್ಲ."

"ಲೈಟು ಯಾವ ಬಣ್ಣ ಮೇಡಂ?"

"ಹಳದಿ ಮಿಣಮಿಣ ಅಂತಿದೆ. ಕಿತ್ಕೊಳ್ಳಲಾ?"

"ಬೇಡ ಬೇಡ, ಹಾಗೇ ಬಿಡಿ. ನಾನಿಲ್ಲಿಂದಲೇ ನೋಡ್ತೀನಿ."

ಲಾಗ್ ಓದಿ ಎಂದು ಹೇಳಬೇಕಿಲ್ಲ, ಪಾಸ್‌ವರ್ಡ್ ಕೊಡಬೇಕಿಲ್ಲ, ಕಂಪ್ಯೂಟರಿನ ಮುಂದೆ ಕೂರಿಸಬೇಕಿಲ್ಲ. ಟೇಪು ಈಚೆ ಬಂದಾಗ ಅದು ನೆಟ್‌ವರ್ಕಿನಿಂದಲೂ ಈಚೆ ಬಂದಂತೆ, ಯಾವ ವೈರಸ್ಸಿಗೂ ಎಟುಕುವುದಿಲ್ಲ. ಮುಂದಿನ ಟೇಪನ್ನು ಸಂಜೆಯೇ ಹಾಕಿದರೆ ಮರುದಿನ ಮಧ್ಯಾಹ್ನದವರೆಗೂ ಅದು ಸರ್ವರಿಗೆ ಸಿಗುವಂತೆ ಕೂತಿರುತ್ತದಲ್ಲ ಎಂಬ ಪ್ರಶ್ನೆ ಬರಬಹುದು. ಹೌದು, ಆದರೆ ಅದು ಎರಡು ವಾರ ಹಳೆಯ ಟೇಪು, ಹೇಗೂ ಅಳಿಸಲಿರುವುದು. ಮಿಕ್ಕ ಹನ್ನೊಂದು ಬೀರುವಿನಲ್ಲಿವೆ.

10. ಸಂದೇಶ ದಿನಾ ಬರಲಿ, ಕನ್ನಡದಲ್ಲಿ ಬರಲಿ

ಕೆಟ್ಟಾಗ ಮಾತ್ರ ಸಂದೇಶ ಎಂದು ಇಟ್ಟರೆ ಸರ್ವರೇ ಸತ್ತ ದಿನ ಯಾವ ಸಂದೇಶವೂ ಬರುವುದಿಲ್ಲ, ಎಲ್ಲರೂ ಎಲ್ಲಾ ಚೆನ್ನಾಗಿದೆ ಅಂದುಕೊಳ್ಳುತ್ತಾರೆ. ಮೇಲನ್ನು ಯಾರೂ ಓದುವುದಿಲ್ಲ. ಎಸ್ಸೆಮ್ಮೆಸ್ ಕಳಿಸಬೇಕೆಂದರೆ ಮೊದಲು ಟೆಲಿಕಾಂ ಕಂಪನಿಗಳ ಡಿಎಲ್‌ಟಿ ನೋಂದಣಿಯ ತಲೆನೋವು. ಟೆಲಿಗ್ರಾಂ ಬಾಟ್ ಅತಿ ಸುಲಭ, ಒಂದು ಸಾಲಿನ ಕರ್ಲ್ ಸಾಕು. "ಗುರುವಾರ ಕೆಂಪು ಟೇಪು ಮುಗಿದಿದೆ. 812 ಜಿಬಿ. ಸರಿನೋಡಿದೆ. ಮುಂದಿನದು: ಶುಕ್ರವಾರ ಕೆಂಪು." ಇಷ್ಟೇ. ಮಾಲೀಕರೂ ಆ ಗುಂಪಿನಲ್ಲಿರುತ್ತಾರೆ. ಆರು ಗಂಟೆಗೆ ಸಂದೇಶ ಕಾಣದಿದ್ದರೆ ಮೊದಲು ಕೇಳುವವರು ಅವರೇ.

11. ಧೂಳು, ಎಳೆ, ಆಯುಧ ಪೂಜೆ

ಗಾರ್ಮೆಂಟ್ಸಿನಲ್ಲಿ, ಮಗ್ಗದ ಶೆಡ್ಡಿನ ಪಕ್ಕದ ಆಫೀಸಿನಲ್ಲಿ ಗಾಳಿಯಲ್ಲೇ ನೂಲಿನ ಎಳೆ ಇರುತ್ತದೆ. ಡ್ರೈವಿನ ಫ್ಯಾನು ಅದನ್ನು ಎಳೆದುಕೊಂಡು ತಲೆಯ ಮೇಲೆ ಕೂರಿಸುತ್ತದೆ. ಡ್ರೈವನ್ನು ಫ್ಲೋರಿನಿಂದ ದೂರದ ಕೋಣೆಯಲ್ಲಿ, ನೆಲದಿಂದ ಎತ್ತರದಲ್ಲಿಡಿ. ಕ್ಲೀನಿಂಗ್ ಟೇಪನ್ನು ವಾರಕ್ಕೊಮ್ಮೆ ತಿರುಗಿಸುವುದು ಒಳ್ಳೆಯದು ಎಂದು ಹಲವರು ನಂಬಿದ್ದಾರೆ. ಅದು ತಲೆಯನ್ನು ಉಜ್ಜುವ ಟೇಪು, ಬೇಡದಿರುವಾಗ ಉಜ್ಜಿದರೆ ಸವೆತ. ಡ್ರೈವೇ ಕೇಳುತ್ತದೆ: ಟೇಪ್‌ಇನ್ಫೋ ಓಡಿಸಿದರೆ ಬರುವ ಎಚ್ಚರಿಕೆಗಳಲ್ಲಿ 20ನೇದು ಈಗಲೇ ಶುಚಿ ಮಾಡು, 21ನೇದು ಸದ್ಯದಲ್ಲಿ ಮಾಡು. ಸ್ಕ್ರಿಪ್ಟು ಇವನ್ನು ದಿನಾ ಓದಿ ಸಂದೇಶಕ್ಕೆ ಸೇರಿಸಲಿ.

ಆಯುಧ ಪೂಜೆಯ ಮುಂಚಿನ ದಿನ ಬ್ಲೋವರ್ ಹಿಡಿದು ಎಲ್ಲ ಯಂತ್ರಗಳ ಧೂಳು ಹೊಡೆಯುತ್ತಾರೆ, ಸರ್ವರಿನದೂ ಸೇರಿ. ಹೊಡೆದ ಧೂಳು ಹೋಗಿ ಸೇರುವುದು ಪಕ್ಕದ ಡ್ರೈವಿನ ಬಾಯಿಗೆ. ಮರುದಿನ ಅರಿಶಿನ ಕುಂಕುಮ, ವಿಭೂತಿ, ಸೇವಂತಿಗೆ, ನಿಂಬೆಹಣ್ಣು. "ಮಿಷಿನ್ನಿಗೆ ಪೂಜೆ ಮಾಡ್ದೇ ಇರಕ್ಕಾಗತ್ತಾ ಸಾರ್?" ಎಂದು ಹುಡುಗ ಕೇಳುತ್ತಾನೆ, ನ್ಯಾಯವಾಗಿಯೇ. ಬೇಡ ಎನ್ನುವ ಕೆಲಸ ನನ್ನದಲ್ಲ. ಡ್ರೈವಿಗೆ ಒಂದು ಬಟ್ಟೆ ಸುತ್ತಿ, ಸರ್ವರಿನ ಗಾಳಿತೂತುಗಳನ್ನು ಮುಚ್ಚಿ, ಕುಂಕುಮವನ್ನು ಯುಪಿಎಸ್ಸಿನ ತಗಡಿನ ಪಕ್ಕಕ್ಕೆ ಹಚ್ಚಿಸಿದರೆ ಪೂಜೆಯೂ ಆಯಿತು, ಡ್ರೈವೂ ಉಳಿಯಿತು. ಟೇಪಿನ ಮೇಲೆ ಮಾತ್ರ ಏನೂ ಬೇಡ. ಅಂದು ಸರ್ವರ್ ಆಫ್ ಮಾಡುತ್ತಾರೆ, ಕ್ರಾನ್ ತಪ್ಪುತ್ತದೆ. ಸಿಸ್ಟಂಡಿ ಟೈಮರಿನಲ್ಲಿ ತಪ್ಪಿದ್ದನ್ನು ಆನ್ ಆದೊಡನೆ ನಡೆಸುವ ಸವಲತ್ತಿದೆ. ಟೇಪಿನ ಕೆಲಸಕ್ಕೆ ಅದನ್ನು ಹಾಕಬೇಡಿ. ಬೆಳಿಗ್ಗೆ ಒಂಬತ್ತಕ್ಕೆ, ಡ್ರೈವಿನಲ್ಲಿ ಯಾವ ಟೇಪಿದೆ ಎಂದು ಯಾರೂ ನೋಡಿರದ ಹೊತ್ತಿಗೆ, ಅದು ಹೊರಟುಬಿಡುತ್ತದೆ.

12. ಟೇಪಿನ ಪ್ರಯಾಣ

ಬೀರು ಅದೇ ಕಟ್ಟಡದಲ್ಲಿದ್ದರೆ ಬೆಂಕಿಗೆ ಸರ್ವರೂ ಟೇಪೂ ಎರಡೂ ಹೋಗುತ್ತವೆ. ವಾರಕ್ಕೊಂದು ಟೇಪಾದರೂ ಮಾಲೀಕರ ಮನೆಗೆ ಹೋಗಲಿ. ಸ್ಕೂಟರಿನ ಸೀಟಿನ ಕೆಳಗಿಟ್ಟು ಒಯ್ಯಬೇಡಿ, ಎಂಜಿನ್ ಕಾವಿಗೆ ಅದು ಒಲೆ. ಕಾರಿನ ಡ್ಯಾಶ್‌ಬೋರ್ಡೂ ಬೇಡ. ಟೇಪನ್ನು ಇಟ್ಟುಕೊಳ್ಳಬೇಕಾದದ್ದು 16ರಿಂದ 25 ಡಿಗ್ರಿ, ಅರ್ಧಕ್ಕಿಂತ ಕಡಿಮೆ ತೇವದಲ್ಲಿ. ಮಳೆಗಾಲದಲ್ಲಿ ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ. ಬೆಂಕಿ ತಡೆಯುವ ಪೆಟ್ಟಿಗೆ ಕೊಳ್ಳುವವರು ಒಂದು ವಿಷಯ ಕೇಳಿಕೊಳ್ಳಿ. ಕಾಗದಕ್ಕೆಂದು ಮಾಡಿದ ಪೆಟ್ಟಿಗೆ ಒಳಗೆ 177 ಡಿಗ್ರಿ ಮೀರದಂತೆ ನೋಡಿಕೊಳ್ಳುತ್ತದೆ, ಕಾಗದಕ್ಕೆ ಅಷ್ಟು ಸಾಕು. ಟೇಪಿಗೆ 52 ಡಿಗ್ರಿ ಮೀರದ ಪೆಟ್ಟಿಗೆ ಬೇಕು, ಅದರ ದರ್ಜೆಯೇ ಬೇರೆ.

ಬಿದ್ದ ಟೇಪನ್ನು ಹಾಗೇ ಡ್ರೈವಿಗೆ ಹಾಕಬಾರದು. ಕಾರ್ಟ್ರಿಡ್ಜಿನ ಮೂಲೆಯ ಪುಟ್ಟ ಬಾಗಿಲನ್ನು ಉಗುರಿನಿಂದ ಸರಿಸಿ ನೋಡಿ, ಒಳಗೊಂದು ಲೋಹದ ಕಡ್ಡಿ ನೆಟ್ಟಗೆ ನಿಂತಿರಬೇಕು. ಡ್ರೈವು ಟೇಪನ್ನು ಎಳೆದುಕೊಳ್ಳುವುದೇ ಆ ಕಡ್ಡಿ ಹಿಡಿದು. ವಾಲಿದ್ದರೆ ಆ ಟೇಪು ಕಸಕ್ಕೆ.

ಸಂಬಳದ ಪಟ್ಟಿ, ಆಧಾರ್ ಪ್ರತಿಗಳು ರಸ್ತೆಗಿಳಿಯುವುದರಿಂದ ಎನ್‌ಕ್ರಿಪ್ಷನ್ ಬೇಕೇ ಬೇಕು. ಎಲ್‌ಟಿಒ-4ರಿಂದ ಈಚೆಗೆ ಡ್ರೈವಿನಲ್ಲೇ ಎಇಎಸ್-256 ಇದೆ. ಸಣ್ಣ ಕಚೇರಿಗೆ ನಾನು ಜಿಪಿಜಿಯನ್ನೇ ಹೇಳುತ್ತೇನೆ, ಯಾವ ಡ್ರೈವಿನಲ್ಲಿ ಓದಿದರೂ ಬಿಚ್ಚಬಹುದು. ಒತ್ತುವುದು ಮೊದಲು, ಎನ್‌ಕ್ರಿಪ್ಟ್ ಮಾಡುವುದು ಆಮೇಲೆ; ತಿರುವುಮುರುವಾದರೆ ಒತ್ತಲು ಬರುವುದಿಲ್ಲ. ಕೀ ಸರ್ವರಿನಲ್ಲಿ ಮಾತ್ರ ಇದ್ದರೆ ಸರ್ವರಿನ ಜೊತೆ ಟೇಪುಗಳೂ ಹೋದವು ಎಂದೇ ಲೆಕ್ಕ. ಕಾಗದದ ಮೇಲೆ ಅಚ್ಚು ಹಾಕಿಸಿ, ಅರಗಿನ ಲಕೋಟೆಯಲ್ಲಿ, ಎರಡು ಮನೆಗಳಲ್ಲಿಡಿ.

13. ತಿಂಗಳಿಗೊಂದು ಫೈಲು ವಾಪಸ್ ತನ್ನಿ

ಯಾವ ಫೈಲು ಎಂಬುದನ್ನು ಮೇಡಂ ಹೇಳಬೇಕು, ನಾವಲ್ಲ. "ಹೋದ ದೀಪಾವಳಿ ಬೋನಸ್ ಶೀಟು ತೆಗೀರಿ ನೋಡೋಣ" ಎನ್ನುತ್ತಾರೆ. ಅದನ್ನು ಸರ್ವರಿನಲ್ಲಿ ಅಲ್ಲ, ಬೇರೊಂದು ಲಿನಕ್ಸ್ ಯಂತ್ರಕ್ಕೆ ಡ್ರೈವ್ ಸಿಕ್ಕಿಸಿ ತೆಗೆಯಬೇಕು. ಆಗ ಎದುರಾಗುವ ಒಂದು ವಿಚಿತ್ರ: ಟಾರ್ "ಕ್ಯಾನಾಟ್ ಅಲೊಕೇಟ್ ಮೆಮೊರಿ" ಎಂದು ಕೈಚೆಲ್ಲುತ್ತದೆ. ಇದನ್ನು ಓದಿ ರ್‍ಯಾಮ್ ಕೊಳ್ಳಲು ಹೊರಟವರಿದ್ದಾರೆ. ರ್‍ಯಾಮಿಗೂ ಇದಕ್ಕೂ ಸಂಬಂಧವಿಲ್ಲ. ಟಾರ್ ತಾನಾಗಿ ಓದುವುದು 10 ಕೆಬಿಯ ತುಂಡುಗಳಲ್ಲಿ. ಬರೆಯುವಾಗ ವೇಗಕ್ಕೆಂದು 256 ಕೆಬಿಯ ತುಂಡು ಹಾಕಿದ್ದರೆ, ಅದು ಆ ಸಣ್ಣ ಚೀಲದಲ್ಲಿ ಹಿಡಿಯುವುದಿಲ್ಲ. ಓದುವಾಗಲೂ ಬಿ 512 ಎಂದು ಕೊಟ್ಟರೆ ಸರಿಹೋಗುತ್ತದೆ. ಇಂಥ ಸಂಗತಿಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಲ್ಯಾಮಿನೇಟ್ ಮಾಡಿಸಿ, ಬೀರುವಿನ ಬಾಗಿಲ ಒಳಮೈಗೆ ಅಂಟಿಸಿ: ತುಂಡಿನ ಗಾತ್ರ, ಟೇಪಿನಲ್ಲಿ ಎಷ್ಟನೇ ಫೈಲು ಏನು, ಜಿಪಿಜಿ ಬಿಚ್ಚುವ ಆಜ್ಞೆ, ಲಕೋಟೆ ಯಾರ ಮನೆಯಲ್ಲಿದೆ.

14. ಮಾರ್ಚ್ 31ರ ಟೇಪು

ವರ್ಷಾಂತ್ಯದ ಟೇಪು ಎರಡು ಪ್ರತಿ, ಕಾರ್ಟ್ರಿಡ್ಜಿನ ಬೀಗದ ಗುಂಡಿ ಸರಿಸಿ ಮತ್ತೆ ಬರೆಯಲಾಗದಂತೆ ಮಾಡಿ ಇಡುವಂಥದ್ದು. ಕಂಪನಿ ಕಾಯ್ದೆಯ 8 ವರ್ಷ, ಜಿಎಸ್‌ಟಿಯಲ್ಲಿ ವಾರ್ಷಿಕ ರಿಟರ್ನಿನ ಗಡುವಿನಿಂದ 72 ತಿಂಗಳು. ಆಡಿಟ್ ಮುಗಿದು ಲೆಕ್ಕ ಅಂತಿಮವಾಗುವುದು ಸೆಪ್ಟೆಂಬರಿನ ಹೊತ್ತಿಗೆ, ಆದ್ದರಿಂದ ಆಗ ಇನ್ನೊಂದು ತೆಗೆಯಬೇಕು. ಮಾರ್ಚಿನದು ಮಾತ್ರ ಇಟ್ಟವರಿಗೆ ಆಡಿಟರು ಕೊನೆಗೆ ಹಾಕಿಸಿದ ನಮೂದುಗಳು ಸಿಗುವುದಿಲ್ಲ.

ಟೇಪು ಮೂವತ್ತು ವರ್ಷ ಬಾಳುತ್ತದೆ ಎಂದು ತಯಾರಕರು ಹೇಳುತ್ತಾರೆ. ಬಾಳಲಿ, ಓದುವ ಡ್ರೈವು ಬೇಕಲ್ಲ. ಎಲ್‌ಟಿಒ-7ರವರೆಗೆ ಡ್ರೈವುಗಳು ಎರಡು ತಲೆಮಾರು ಹಿಂದಿನ ಟೇಪನ್ನು ಓದುತ್ತಿದ್ದವು: 7ನೆಯದು 5ನ್ನು ಓದುತ್ತದೆ. 8 ಬಂದಾಗ ಅದು ಒಂದೇ ತಲೆಮಾರಿಗೆ ಇಳಿಯಿತು: 7ನ್ನು ಓದುತ್ತದೆ, 6ನ್ನು ಓದುವುದಿಲ್ಲ. ದೊಡ್ಡಬಳ್ಳಾಪುರದ ಹಳೆಯ ಕಚೇರಿಗಳ ಬೀರುಗಳಲ್ಲಿ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಡಿಡಿಎಸ್ ಟೇಪುಗಳು ಇನ್ನೂ ಸಿಗುತ್ತವೆ, ಮೇಲೆ ನೀಟಾಗಿ 1999-2000 ಎಂದು ಬರೆದಿರುತ್ತದೆ. ಅವನ್ನು ಓದುವ ಡ್ರೈವಿಗಾಗಿ ಎಸ್‌ಪಿ ರೋಡ್ ಪೂರ್ತಿ ಸುತ್ತಬೇಕು, ಸಿಕ್ಕಿದರೂ ಅದನ್ನು ಸಿಕ್ಕಿಸುವ ಹಳೆಯ ಸ್ಕಸಿ ಕಾರ್ಡು ಈಗಿನ ಮದರ್‌ಬೋರ್ಡಿನಲ್ಲಿ ಕೂರುವುದಿಲ್ಲ. ಡ್ರೈವ್ ಬದಲಿಸುವ ವರ್ಷ, ಅವಧಿ ಮುಗಿಯದ ವರ್ಷಾಂತ್ಯದ ಟೇಪುಗಳನ್ನೆಲ್ಲ ಹೊಸ ತಲೆಮಾರಿಗೆ ನಕಲು ಮಾಡುವ ಖರ್ಚನ್ನೂ ಅದೇ ಕೊಟೇಷನ್ನಿನಲ್ಲಿ ಬರೆಯಿರಿ. ಪ್ರತ್ಯೇಕವಾಗಿ ಬರೆದರೆ ಮಾಲೀಕರು ಆ ಸಾಲನ್ನೇ ಹೊಡೆದುಹಾಕುತ್ತಾರೆ. ಹಳೆಯ ಡ್ರೈವು, ಅದರ ಕಾರ್ಡು, ಕೇಬಲ್ಲು ಮೂರನ್ನೂ ಒಂದೇ ಪೆಟ್ಟಿಗೆಯಲ್ಲಿ ಹಾಕಿ, ಎಂಟು ವರ್ಷ ತುಂಬುವ ತಾರೀಕನ್ನು ಪೆಟ್ಟಿಗೆಯ ಮೇಲೆ ಬರೆದು, ಗುಜರಿಯವನಿಗೆ ಅದಕ್ಕೂ ಮುಂಚೆ ಕೊಡಬೇಡಿ ಎಂದು ಆಫೀಸ್ ಹುಡುಗನಿಗೂ ಹೇಳಿರಿ.